ಗಂಟೆ ಬಾರಿಸದ ದಿನದ ಶಿಸ್ತು

ಶಿಸ್ತು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಬಾಲಿಕೆಯರ ಮುಖವು ಕೊಂಚ ಬಾಡುವುದುಂಟು. ಬೆಳಗಿನ ಗಂಟೆ, ಸಾಲಾಗಿ ನಿಲ್ಲುವುದು, ಮಾತಾಡಬಾರದ ವೇಳೆ, ತಪ್ಪಿದರೆ ಬರುವ ದಂಡನೆ, ಇವೇ ಅವರ ಮನಸ್ಸಿಗೆ ತೋರುವುವು. ಇದು ಅವರ ತಪ್ಪಲ್ಲ. ಹಿರಿಯರಾದ ನಾವೇ ಎಷ್ಟೋ ಸಲ ಶಿಸ್ತು ಬೇರೆಯಲ್ಲ, ದಂಡನೆ ಬೇರೆಯಲ್ಲ ಎಂಬಂತೆ ನಡೆದುಕೊಂಡಿದ್ದೇವೆ. ಆದರೆ ಶಬ್ದಗಳನ್ನು ವಿಚಾರಿಸಿ ನೋಡಿದರೆ ಬೇರೊಂದು ಸಂಗತಿಯು ತಿಳಿದುಬರುತ್ತದೆ. ನಾವು ದಂಡನೆಗೆ ಶಿಕ್ಷೆಯೆನ್ನುತ್ತೇವೆ, ವಿದ್ಯೆ ಕಲಿಸುವುದಕ್ಕೆ ಶಿಕ್ಷಣವೆನ್ನುತ್ತೇವೆ. ಇವೆರಡೂ ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದಲ್ಲಿ ಶಿಕ್ಷೆಯೆಂದರೆ ಮೊದಲು ಕಲಿಕೆಯೇ. ಇಂಗ್ಲಿಷಿನ ಡಿಸಿಪ್ಲಿನ್ ಎಂಬ ಪದವಾದರೋ ಶಿಷ್ಯನೆಂಬ ಅರ್ಥವುಳ್ಳ ಲ್ಯಾಟಿನ್ ಪದಕ್ಕೆ ಸೇರಿದ್ದು. ಆದಕಾರಣ ಶಿಸ್ತೆಂದರೆ ಭಯದಿಂದ ನಡುಗುವುದಲ್ಲ, ಶಿಷ್ಯಳಾಗಿ ಕಲಿಯುವುದು ಎಂದು ತಿಳಿಯತಕ್ಕದ್ದು.

ನಾನು ವಿದ್ಯಾರ್ಥಿನಿನಿಲಯದಲ್ಲಿದ್ದು ಓದುತ್ತಿದ್ದ ಕಾಲದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಅಪ್ರಕೃತವಾಗಲಾರದು. ಅಲ್ಲಿ ಐದು ಗಂಟೆಗೆ ಏಳುವುದು, ಹಾಸಿಗೆ ಮಡಿಸುವುದು, ಸತ್ಯವೇದವನ್ನು ಓದಿ ಪ್ರಾರ್ಥಿಸುವುದು, ಇದೊಂದೂ ನನಗೆ ತಪ್ಪುತ್ತಿರಲಿಲ್ಲ. ನಾನು ಬಹಳ ಶಿಸ್ತುಳ್ಳವಳೆಂದು ನಾನೇ ನಂಬಿದ್ದೆನು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಮೊದಲನೆಯ ವಾರವೆಲ್ಲ ಬಿಸಿಲು ಮುಖಕ್ಕೆ ಬೀಳುವ ತನಕ ಮಲಗಿದೆನು. ಸತ್ಯವೇದವು ಪೆಟ್ಟಿಗೆಯ ತಳದಲ್ಲಿಯೇ ಉಳಿಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಎಂಟನೆಯ ದಿನ ನಸುಕಿನಲ್ಲಿ ನೀರು ಕುಡಿಯಲು ಎದ್ದಾಗ, ಆಕೆಯು ಬಾವಿಯಿಂದ ನೀರು ಸೇದಿಟ್ಟು, ಒಲೆ ಹಚ್ಚಿ, ಆ ಒಲೆಯ ಬೆಳಕಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿರುವುದನ್ನು ಕಂಡೆನು. ಆಕೆಯನ್ನು ಯಾವ ಗಂಟೆಯೂ ಎಬ್ಬಿಸಿರಲಿಲ್ಲ. ಆಕೆಯ ಹೆಸರನ್ನು ಯಾವ ಪಟ್ಟಿಯಲ್ಲಿಯೂ ಗುರುತಿಸುವವರಿರಲಿಲ್ಲ. ಅಷ್ಟು ವರ್ಷವೂ ಎಚ್ಚರವಾಗಿದ್ದುದು ಗಂಟೆಯೇ ಹೊರತು ನಾನಲ್ಲವೆಂದು ಆಗ ನನಗೆ ಅರಿವಾಗಿ ಬಹಳ ನಾಚಿಕೆಯಾಯಿತು.

ಗಂಟೆಯಿಲ್ಲದೆಯೇ ಬೆಳೆದ ಶಿಸ್ತಿಗೆ ಪಂಡಿತಾ ರಮಾಬಾಯಿಯವರ ಜೀವಿತಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಅವರು 1858 ರಲ್ಲಿ ನಮ್ಮ ನಾಡಿನ ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದವರು. ಅವರ ಬಾಲ್ಯವೆಲ್ಲ ತಂದೆತಾಯಿಗಳೊಡನೆ ತೀರ್ಥಯಾತ್ರೆಯಲ್ಲಿಯೇ ಕಳೆಯಿತು. ಶಾಲೆಯಿಲ್ಲ, ಗಂಟೆಯಿಲ್ಲ, ನಿಂತ ಮನೆಯೂ ಇಲ್ಲ. ಹೀಗಿದ್ದರೂ ತಾಯಿ ಲಕ್ಷ್ಮೀಬಾಯಿಯು ಬೆಳಗಿನ ಜಾವದಲ್ಲಿ ಮಗಳನ್ನು ಮುದ್ದಿನ ಮಾತುಗಳಿಂದ ಎಬ್ಬಿಸಿ, ಹಕ್ಕಿಗಳು ಕೂಗುವ ವೇಳೆಗೆ ಬಾಯಿಪಾಠ ಹೇಳಿಕೊಡುತ್ತಿದ್ದಳು. 1874 ರಲ್ಲಿ ಕ್ಷಾಮದ ದೆಸೆಯಿಂದ ತಂದೆತಾಯಿಗಳು ತೀರಿಕೊಂಡರು. 1880 ರಲ್ಲಿ ಅಣ್ಣನೂ 1882 ರಲ್ಲಿ ಪತಿಯೂ ಗತಿಸಿದರು. ಎಲ್ಲವನ್ನೂ ಕಳೆದುಕೊಂಡ ಆ ತರುಣಿಯ ಬಳಿ ಉಳಿದುದು ತಾಯಿ ಹಚ್ಚಿಕೊಟ್ಟ ಅಭ್ಯಾಸವೊಂದೇ. 1883 ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ ಕ್ರಿಸ್ತನವರಾದ ಮೇಲೆ ಅದೇ ಅಭ್ಯಾಸವನ್ನು ಆತನ ಸೇವೆಗೆ ಒಪ್ಪಿಸಿದರು. 1889 ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಕೇಡಗಾಂವಿಯ ಮುಕ್ತಿ ಸದನದಲ್ಲಿ ಕ್ಷಾಮಕ್ಕೆ ಸಿಕ್ಕಿದ ಅಸಂಖ್ಯ ಬಾಲಿಕೆಯರಿಗೆ ಅನ್ನ, ವಿದ್ಯೆ, ಕೈಕಸುಬು ಕೊಟ್ಟರು. ಇಷ್ಟರ ನಡುವೆ ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಮರಾಠಿಗೆ ಭಾಷಾಂತರಿಸಿದರು. ಅವರು 1922 ರಲ್ಲಿ ನಿಧನರಾದರು. ಅವರ ಸಂಪೂರ್ಣ ಸತ್ಯವೇದವು 1924 ರಲ್ಲಿ ಹೊರಬಂದಿತು. ಇಂತಹ ಕಾರ್ಯವು ಒಂದು ದಿನದ ಉತ್ಸಾಹದಿಂದ ಆಗುವುದಲ್ಲ.

ಆದರೆ ಅದೇ ರಮಾಬಾಯಿಯವರು ತಮಗೆ ಆಶ್ರಯವಿತ್ತ ಇಂಗ್ಲೆಂಡಿನ ಸನ್ಯಾಸಿನಿಯರು ಹೇಳಿದ್ದನ್ನೆಲ್ಲ ತಲೆಬಾಗಿ ಒಪ್ಪಿದವರಲ್ಲ. ಮತಸಿದ್ಧಾಂತಗಳನ್ನು ಕುರಿತು ಅವರೊಡನೆ ಪತ್ರಗಳಲ್ಲಿ ದೀರ್ಘವಾಗಿ ವಾದಿಸಿ, ತಮ್ಮ ಮನಸ್ಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ. ಇದನ್ನು ಅವಿಧೇಯತೆಯೆಂದು ಬಗೆದವರೂ ಉಂಟು. ನಾನಾದರೋ ಇದನ್ನು ಶಿಸ್ತಿನ ಪಕ್ವಫಲವೆಂದೇ ಹೇಳುವೆನು. ನಮ್ಮ ಸಮಾಜದಲ್ಲಿ ಹೆಣ್ಣುಮಗಳ ಶಿಸ್ತೆಂದರೆ ಬಾಯಿ ಮುಚ್ಚಿಕೊಂಡು ಹೇಳಿದ್ದನ್ನು ಮಾಡುವುದೆಂಬ ಭಾವನೆಯು ಬಹು ಕಾಲದಿಂದ ಬೇರೂರಿದೆ. ಹಾಗೆ ಬೆಳೆದವಳು ಒಳ್ಳೆಯದಕ್ಕೆ ಹೇಗೋ ಹಾಗೆಯೇ ಕೆಟ್ಟದ್ದಕ್ಕೂ ತಲೆಬಾಗುವಳು. ತನ್ನ ಮನಸ್ಸನ್ನು ತಾನೇ ಆಳಲು ಕಲಿತವಳಾದರೋ ಹೌದೆನ್ನಬೇಕಾದಲ್ಲಿ ಹೌದೆಂದೂ ಅಲ್ಲವೆನ್ನಬೇಕಾದಲ್ಲಿ ಅಲ್ಲವೆಂದೂ ಹೇಳಬಲ್ಲಳು.

ನಮ್ಮ ಕರ್ತನ ನಡತೆಯಲ್ಲಿ ಇವೆರಡೂ ಕೂಡಿಬಂದಿರುವುದನ್ನು ನೋಡಿರಿ. ಆತನು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ತಿಳಿಸುತ್ತಾನೆ. ಐದು ರೊಟ್ಟಿ ಎರಡು ಮೀನುಗಳಿಂದ 5,000 ಜನ ಗಂಡಸರನ್ನು ತೃಪ್ತಿಪಡಿಸಿದ ಮೇಲೆ, ಉಳಿದ ತುಂಡುಗಳು ಹಾಳಾಗದಂತೆ ಕೂಡಿಸಲು ಶಿಷ್ಯರಿಗೆ ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಅಷ್ಟು ದೊಡ್ಡ ಅದ್ಭುತವನ್ನು ಮಾಡಬಲ್ಲಾತನು ಚೂರು ರೊಟ್ಟಿಯನ್ನು ಲಕ್ಷಿಸಿದುದು ಗಮನಿಸತಕ್ಕ ವಿಷಯ. ಅಡಿಗೆಮನೆಯ ಮಿತವ್ಯಯವೂ ಭಕ್ತಿಗೆ ಹೊರಗಾದುದಲ್ಲವೆಂದು ಇದರಿಂದ ತಿಳಿಯಬಹುದು. ಆದರೂ ಅದೇ ಕರ್ತನು ಸಬ್ಬತ್‌ದಿನದಲ್ಲಿ ರೋಗಿಗಳನ್ನು ಗುಣಪಡಿಸಿ, ನಿಯಮವಿರುವುದು ಮನುಷ್ಯನ ಹಿತಕ್ಕಾಗಿ ಎಂದು ಬೋಧಿಸಿದನು. ಪ್ರೀತಿಯನ್ನು ಮರೆತ ನಿಯಮವು ಒಣಗಿದ ಬಾವಿಯಂತೆ, ಕಟ್ಟೆಯಿದ್ದರೂ ನೀರಿಲ್ಲ.

ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರರ ಹೋಲಿಕೆಯನ್ನು ಕೊಟ್ಟಿದ್ದಾನೆ. ಆ ಪಟ್ಟಣದ ಸಮೀಪದಲ್ಲಿ ಎರಡು ವರ್ಷಗಳಿಗೊಮ್ಮೆ ಪ್ರಸಿದ್ಧವಾದ ಪಂದ್ಯಗಳು ನಡೆಯುತ್ತಿದ್ದುದರಿಂದ ಅಲ್ಲಿಯವರಿಗೆ ಅದು ಚೆನ್ನಾಗಿ ತಿಳಿದ ಮಾತು. ಗೆದ್ದವನಿಗೆ ಸಿಗುವುದು ಎಲೆಗಳ ಕಿರೀಟ. ನಾಲ್ಕು ದಿನಗಳಲ್ಲಿ ಅದು ಬಾಡುವುದು. ಅಷ್ಟಕ್ಕಾಗಿ ಅವನು ಎಷ್ಟೊಂದು ಮಿತವಾಗಿರುವನು! ಬಾಡದ ಕಿರೀಟವನ್ನು ಅಪೇಕ್ಷಿಸುವವರು ಎಷ್ಟು ಎಚ್ಚರವಾಗಿರಬೇಕೆಂಬುದೇ ಅಪೊಸ್ತಲನ ಅಭಿಪ್ರಾಯ.

ಹಿರಿಯರಲ್ಲಿ ನನ್ನದೊಂದು ವಿಜ್ಞಾಪನೆ. ಬಾಲಿಕೆಯರಿಗೆ ನಿಯಮವನ್ನು ಕೊಡುವಾಗ ಅದರ ಕಾರಣವನ್ನೂ ಕೊಡಿರಿ. ಲಕ್ಷ್ಮೀಬಾಯಿಯಂತೆ ಮುದ್ದಿನ ಮಾತಿನಿಂದ ಎಬ್ಬಿಸಿರಿ. ಪ್ರಿಯ ಸೋದರಿಯರೇ, ನಿಮಗೂ ಒಂದು ಮಾತು. ಶಾಲೆಯ ಗಂಟೆಯನ್ನು ಹಳಿಯಬೇಡಿರಿ. ಬಳ್ಳಿಗೆ ಹಂದರವು ಹೇಗೋ ಎಳೆಯ ಮನಸ್ಸಿಗೆ ಅದು ಹಾಗೆ. ಆದರೆ ಹಂದರವನ್ನೇ ಬಳ್ಳಿಯೆಂದು ಭ್ರಮಿಸಬೇಡಿರಿ. ಮುಂದಿನ ರಜೆಯಲ್ಲಿ ಯಾರೂ ಕರೆಯದ ಒಂದು ಮುಂಜಾನೆ ನೀವಾಗಿ ಎದ್ದು, ನಿಮ್ಮ ತಾಯಿಯ ಕೈಯಿಂದ ಕೊಡವನ್ನು ತೆಗೆದುಕೊಂಡು, ಆಕೆಯ ಪಕ್ಕದಲ್ಲಿ ಮೊಣಕಾಲೂರಿರಿ. ನಿಮ್ಮ ಶಾಲೆಯು ನಿಮಗೆ ಕಲಿಸಿದ್ದು ಏನೆಂಬುದು ಆ ಮುಂಜಾನೆ ತಿಳಿದುಬರುವುದು.