ಅರ್ಥಶಾಸ್ತ್ರದ ಜೊತೆಗೆ ಯಾವುದು?

ಪ್ರವೇಶದ ದಿನಗಳಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆ ಹೊರಟರೆ ರಸ್ತೆಯುದ್ದಕ್ಕೂ ಕಾಲೇಜುಗಳ ಜಾಹೀರಾತು ಫಲಕಗಳೇ. ಅರ್ಥಶಾಸ್ತ್ರಕ್ಕೆ ಸೇರುವ ಹುಡುಗರ ಅಪ್ಪ-ಅಮ್ಮಂದಿರ ಬಾಯಲ್ಲಿ ಈಗ ಒಂದೇ ಮಾತು: ಡಬಲ್ ಮೇಜರ್, ಅಂದರೆ ಪದವಿಯಲ್ಲಿ ಎರಡು ಮುಖ್ಯ ವಿಷಯ, ಮಾಡಿದರೆ ಕೆಲಸ ಗ್ಯಾರಂಟಿಯಂತೆ. ಈ ‘ಅಂತೆ’ಯನ್ನು ನಾನು ಒಪ್ಪುವುದಿಲ್ಲ.

ಸರ್ಕಾರಗಳೂ ವಿಷಯಗಳ ಎಣಿಕೆಯ ಆಟವನ್ನೇ ಆಡಿವೆ. 2021ರಲ್ಲಿ ರಾಜ್ಯದ ಬಿಜೆಪಿ ಸರ್ಕಾರ ದೇಶದಲ್ಲೇ ನಾವು ಮೊದಲು ಎಂದು ರಾಷ್ಟ್ರೀಯ ಶಿಕ್ಷಣ ನೀತಿ ತಂದಿತು: ಎರಡು ಮುಖ್ಯ ವಿಷಯ, ಬೇಕಾದವರಿಗೆ ನಾಲ್ಕನೇ ವರ್ಷದ ಆನರ್ಸ್. 2024ರಲ್ಲಿ ಕಾಂಗ್ರೆಸ್ ಸರ್ಕಾರ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಹಿಡಿದು ಅದನ್ನು ಕೈಬಿಟ್ಟಿತು: ಮತ್ತೆ ಮೂರು ವರ್ಷ, ಮೂರು ವಿಷಯ. ಇತಿಹಾಸ, ಅರ್ಥಶಾಸ್ತ್ರಗಳ ಜೊತೆ ರಾಜ್ಯಶಾಸ್ತ್ರವೋ ಸಮಾಜಶಾಸ್ತ್ರವೋ ಸೇರಿದ ಎಚ್‌ಇಪಿ, ಎಚ್‌ಇಎಸ್ ಪಾಠ ಮಾಡಿ ಪಳಗಿದ ಮೇಷ್ಟ್ರುಗಳು ನಿಟ್ಟುಸಿರುಬಿಟ್ಟರು. ಎರಡೋ ಮೂರೋ ಎಂದು ಕಾದಾಡಿದವರಲ್ಲಿ, ಯಾವುದರ ಜೊತೆ ಯಾವುದು ಎಂದು ಕೇಳಿದವರು ಎಷ್ಟು ಮಂದಿ?

ಕೆಲಸ ಕೊಡುವವರು ಕೇಳುವುದು ಅದನ್ನೇ. ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕು, ಬಿ.ಎ.ಯಲ್ಲಿ ಎಷ್ಟು ಮೇಜರ್ ಇದ್ದವೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದರ ಜೋಡಿ ಸೇವೆಯಾದ ಭಾರತೀಯ ಸಾಂಖ್ಯಿಕ ಸೇವೆಗೆ ಪದವಿಯೇ ಸಾಕು, ಆದರೆ ಅದರಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು. ಅರ್ಥಶಾಸ್ತ್ರದ ಪಕ್ಕದಲ್ಲಿ ಅದೊಂದು ವಿಷಯವಿದ್ದರೆ ಇಪ್ಪತ್ತೊಂದರ ವಯಸ್ಸಿಗೇ ಕೇಂದ್ರ ಸೇವೆಯ ಬಾಗಿಲು ತೆರೆಯುತ್ತದೆ. ಪಕ್ಕದಲ್ಲಿ ಸಮಾಜಶಾಸ್ತ್ರವಿದ್ದರೆ ತೆರೆಯುವುದಿಲ್ಲ. ಬ್ಯಾಂಕ್ ಪಿಒ ಹುದ್ದೆಗೂ ಕೆಎಎಸ್‌ಗೂ ಯಾವ ಪದವಿಯಾದರೂ ನಡೆಯುತ್ತದೆ. ಕೆಎಎಸ್ ಓದುವವರಿಗೆ ಇತಿಹಾಸ, ರಾಜ್ಯಶಾಸ್ತ್ರ ನೆರವಾಗುತ್ತವೆ, ನಿಜ. ಆ ವಿಷಯಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಅವನ್ನು ಉದ್ಯೋಗದ ಹೆಸರಿನಲ್ಲಿ ಮಾರುವುದರ ಬಗ್ಗೆ ಮಾತ್ರ ತಕರಾರು. ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಡೇಟಾ ಕೆಲಸ ಹುಡುಕುವವರಿಗೂ ಅಂಕಿಅಂಶಗಳ ಪಳಗಿಕೆ ಬೇಕು, ಅಂಕಪಟ್ಟಿಯಲ್ಲಿ ಇನ್ನೊಂದು ಸಾಲಲ್ಲ.

ಡಬಲ್ ಮೇಜರ್‌ನ ತವರಾದ ಅಮೆರಿಕದಲ್ಲೂ ಲಾಭ ದೊಡ್ಡದೇನಲ್ಲ. ಅಲಿಸನ್ ಡೆಲ್ ರೋಸಿ, ಜೋನಿ ಹರ್ಷ್ ಎಂಬ ಅರ್ಥಶಾಸ್ತ್ರಜ್ಞೆಯರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಮೇಜರ್ ಮಾಡಿದವರಿಗಿಂತ ಎರಡು ಮಾಡಿದವರ ಗಳಿಕೆ ಸರಾಸರಿ ಶೇ 2.3ರಷ್ಟು ಮಾತ್ರ ಹೆಚ್ಚಿತ್ತು.

ಹಾಗಾದರೆ ಎಲ್ಲರೂ ಸಂಖ್ಯಾಶಾಸ್ತ್ರವನ್ನೇ ಆರಿಸಲಿ ಎನ್ನಬಹುದೇ? ಆರಿಸಲು ಅದು ಕಾಲೇಜಿನಲ್ಲಿರಬೇಕಲ್ಲ! ಪಿಯುಸಿಯಲ್ಲಿ ಕಲಾ ವಿಭಾಗ ಹಿಡಿದ ಬಹುಪಾಲು ಮಕ್ಕಳಿಗೆ ಗಣಿತದ ನಂಟು ಹತ್ತನೇ ತರಗತಿಗೇ ಹರಿದಿರುತ್ತದೆ. ಮುಂದೆ ಸೇರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಪಾಠಕ್ಕೆ ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡಿವೆ. ಅವರೋ ಗೌರವಧನಕ್ಕೂ ಸೇವಾ ಭದ್ರತೆಗೂ ವರ್ಷ ವರ್ಷ ಬೀದಿಗಿಳಿಯಬೇಕು. ಅಂಥಲ್ಲಿ ಹೊಸ ಕಾಂಬಿನೇಷನ್ ತೆರೆಯುವವರು ಯಾರು? ದುಡ್ಡಿದ್ದವರ ಮಕ್ಕಳು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬೇಕಾದ ಜೋಡಿ ಪಡೆಯುತ್ತಾರೆ. ಉಳಿದವರಿಗೆ ಇರುವುದರಲ್ಲೇ ಎರಡೋ ಮೂರೋ. ಆಯ್ಕೆಯ ಸ್ವಾತಂತ್ರ್ಯವೆಂದು ಒಂದು ಪಕ್ಷ, ಬಡವರ ಪರವೆಂದು ಇನ್ನೊಂದು ಪಕ್ಷ ಹೇಳಿಕೊಂಡದ್ದು ಇದನ್ನೇ.

2025ರ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ಬೆಂಗಳೂರು ನಗರ ವಿಶ್ವವಿದ್ಯಾಲಯಕ್ಕೆ ಮನಮೋಹನ್ ಸಿಂಗ್ ಹೆಸರು ಘೋಷಿಸಿದರು. ಅರ್ಥಶಾಸ್ತ್ರಜ್ಞನ ಹೆಸರು, ಸಂತೋಷ. ಇನ್ನು ಆ ವಿಶ್ವವಿದ್ಯಾಲಯವೂ, ಹೆಸರಿನಲ್ಲಿ ಬೆಂಗಳೂರು ಉತ್ತರವನ್ನು ಇಟ್ಟುಕೊಂಡು ಕೋಲಾರದಲ್ಲಿ ಕುಳಿತಿರುವ ಇನ್ನೊಂದೂ, ತಮ್ಮ ವ್ಯಾಪ್ತಿಯ ಯಾವ ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರವೋ ಗಣಿತವೋ ಸಿಗುತ್ತದೆ, ಅದನ್ನು ಕಲಿಸಲು ಕಾಯಂ ಅಧ್ಯಾಪಕರು ಇದ್ದಾರೆಯೇ ಎಂಬ ಪಟ್ಟಿಯನ್ನು ಮುಂದಿನ ಪ್ರವೇಶಕ್ಕೆ ಮೊದಲು ಪ್ರಕಟಿಸಲಿ.