ದವಡೆ ಹಲ್ಲಿಗೆ ಕೇಳಿದ ಪ್ರಶ್ನೆ

"ಯಾವೂರು ನಿಮ್ಮದು?" ನಾವಿಲ್ಲಿ ಹೊಸಬರಿಗೆ ಮೊದಲು ಕೇಳುವುದು ಇದನ್ನೇ. ಜಪಾನಿನಲ್ಲಿ ಈ ಪ್ರಶ್ನೆಯನ್ನು ಒಂದು ದವಡೆ ಹಲ್ಲಿಗೆ ಕೇಳಿದರು.

ಹೊಕ್ಕೈಡೋದ ಉತ್ತರಕ್ಕೆ ರೆಬುನ್ ಎಂಬ ಪುಟ್ಟ ದ್ವೀಪ. ಅಲ್ಲಿನ ಫುನಾದೊಮಾರಿಯಲ್ಲಿ ಸುಮಾರು 3,800 ವರ್ಷಗಳ ಹಿಂದೆ ಮಣ್ಣಾದ ಹೆಂಗಸಿನ ಹಲ್ಲದು. ಆಕೆ ಬೇಟೆ, ಮೀನು ನಂಬಿ ಬದುಕಿದ ಜೋಮೋನ್ ಜನರವಳು. ಟೋಕಿಯೊದ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯದ ತಂಡ ಅದರ ಡಿಎನ್‌ಎ ಓದಿ 2019ರಲ್ಲಿ ಪ್ರಕಟಿಸಿತು. ಕೊಬ್ಬಿನ ಊಟ ಒಗ್ಗಿಸಿಕೊಳ್ಳುವ, ಆರ್ಕ್ಟಿಕ್ ಜನರಲ್ಲಿ ಹೆಚ್ಚಾಗಿ ಕಾಣುವ ಗುಣ ಆಕೆಗಿತ್ತು. ಮದ್ಯವೂ ಇಂದಿನ ಎಷ್ಟೋ ಜಪಾನೀಯರಿಗಿಂತ ಚೆನ್ನಾಗಿ ಒಗ್ಗುತ್ತಿತ್ತಂತೆ!

ಈಗಿನ ಜಪಾನೀಯರಲ್ಲಿ ಆಕೆಯ ಕುಲದ ಪಾಲು ನೂರಕ್ಕೆ ಹತ್ತಿಪ್ಪತ್ತು ಮಾತ್ರ. ಉಳಿದದ್ದು ಭತ್ತದ ಬೇಸಾಯ ಬಂದ ಯಾಯೋಯ್ ಕಾಲದಲ್ಲಿ, ಆಮೇಲೆ ಕೊಫುನ್ ಕಾಲದಲ್ಲಿ ಕಡಲು ದಾಟಿ ಬಂದವರದು ಎನ್ನುತ್ತದೆ 2021ರ ಅಧ್ಯಯನ. 'ಒಂದೇ ರಕ್ತ' ಎಂದು ಹೆಮ್ಮೆಪಡುವವರಿಗೆ ಇದು ಸ್ವಲ್ಪ ಇರುಸುಮುರುಸೇ.

ತಣ್ಣನೆಯ ಮಣ್ಣು ಡಿಎನ್‌ಎ ಕಾಯುತ್ತದೆ, ಸೆಕೆ ಕೆಡಿಸುತ್ತದೆ. ಸೆಕೆಯ ಪ್ರತಾಪ ನಮಗೆ ಹೇಳಬೇಕೆ? ಹರಿಯಾಣದ ರಾಖಿಗಢಿಯಲ್ಲಿ ಅರವತ್ತಕ್ಕೂ ಹೆಚ್ಚು ಮಾದರಿ ಜಾಲಾಡಿದರೂ ಕೈಗೆ ಸಿಕ್ಕಿದ್ದು ಒಬ್ಬಳೇ ಹೆಣ್ಣಿನ ಡಿಎನ್‌ಎ, ಅದೂ ಅರೆಬರೆ. ನಮ್ಮ ಬ್ರಹ್ಮಗಿರಿಯ ಕಲ್ಗೋರಿಗಳಲ್ಲಿ ಮಲಗಿದ್ದವರಿಗೂ ಒಮ್ಮೆ "ಯಾವೂರು?" ಎಂದು ಕೇಳುವಾಸೆ ನನಗೆ.