ಕೊಡಬೇಕಾದವನೇ ತೀರ್ಪುಗಾರನಾದಾಗ

ಸಾಲ ತೀರಿಸಬೇಕಾದವನ ಕೈಗೇ ಸಾಲದ ತಕರಾರಿನ ತೀರ್ಪನ್ನೂ ಒಪ್ಪಿಸುವ ಪದ್ಧತಿಯನ್ನು ಯಾವ ಹಳ್ಳಿಯ ಪಂಚಾಯತಿಯೂ ನ್ಯಾಯವೆಂದು ಒಪ್ಪಲಾರದು. ಆದರೆ ಕಾನೂನಿನ ಆಡಳಿತದ ಬಗ್ಗೆ ಜಗತ್ತಿಗೆ ಪಾಠ ಹೇಳುವ ಅಮೆರಿಕದಲ್ಲಿ, ಕಾಯಿಲೆ ಅಥವಾ ಅಪಘಾತದಿಂದ ದುಡಿಯುವ ಶಕ್ತಿ ಕಳೆದುಕೊಂಡ ಖಾಸಗಿ ನೌಕರರ ವಿಷಯದಲ್ಲಿ ದಶಕಗಳಿಂದ ನಡೆದು ಬಂದಿರುವುದು ಬಹುಮಟ್ಟಿಗೆ ಇದೇ ಪದ್ಧತಿ. ನೌಕರನು ದುಡಿಯಲು ಅಸಮರ್ಥನೋ ಅಲ್ಲವೋ ಎಂದು ತೀರ್ಮಾನಿಸುವುದು ವಿಮಾ ಕಂಪೆನಿ. ಅಸಮರ್ಥನೆಂದು ತೀರ್ಮಾನವಾದರೆ ತಿಂಗಳು ತಿಂಗಳು ಹಣ ತೆರಬೇಕಾದದ್ದೂ ಅದೇ ಕಂಪೆನಿ. ಇಂತಹ ತೀರ್ಪುಗಾರನಿಂದ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ಹೇಗೆ?

ಸಿಯರ್ಸ್ ಎಂಬ ಪ್ರಸಿದ್ಧ ಮಳಿಗೆ ಸಂಸ್ಥೆಯ ಮಹಿಳಾ ಉದ್ಯೋಗಿಯೊಬ್ಬರ ಪ್ರಕರಣ ಇದಕ್ಕೆ ಕನ್ನಡಿಯಾಗಿದೆ. 2000ದಲ್ಲಿ ಅವರಿಗೆ ಹೃದಯದ ಸ್ನಾಯುಗಳು ದುರ್ಬಲಗೊಳ್ಳುವ ತೀವ್ರ ಕಾಯಿಲೆ ಇರುವುದು ಪತ್ತೆಯಾಯಿತು. ಸಂಸ್ಥೆಯ ಅಂಗವೈಕಲ್ಯ ವಿಮೆಯನ್ನು ನಿರ್ವಹಿಸುತ್ತಿದ್ದ ಮೆಟ್‌ಲೈಫ್ ಕಂಪೆನಿ 24 ತಿಂಗಳ ಕಾಲ ಅವರಿಗೆ ಪರಿಹಾರ ನೀಡಿತು. ಜೊತೆಗೆ, ಸರಕಾರದ ಸಾಮಾಜಿಕ ಭದ್ರತಾ ಯೋಜನೆಗೂ ಅರ್ಜಿ ಹಾಕಲು ತಾನೇ ಅವರನ್ನು ವಕೀಲರ ಬಳಿಗೆ ಕಳುಹಿಸಿತು. ಆಕೆ ಯಾವ ಉದ್ಯೋಗವನ್ನೂ ಮಾಡಲಾರರು ಎಂದು 2002ರಲ್ಲಿ ಸರಕಾರಿ ಇಲಾಖೆ ಒಪ್ಪಿಕೊಂಡು ಹಿಂಬಾಕಿಯನ್ನು ಮಂಜೂರು ಮಾಡಿತು. ಆ ಹಿಂಬಾಕಿಯ ಮುಕ್ಕಾಲು ಪಾಲು ಮೆಟ್‌ಲೈಫ್‌ನ ಪಾಲಾಯಿತು. ಉಳಿದದ್ದು ವಕೀಲರಿಗೆ ಹೋಯಿತು. ಆದರೆ 24 ತಿಂಗಳ ನಂತರವೂ ಪರಿಹಾರ ಮುಂದುವರಿಸಬೇಕಾದ ಸರದಿ ಬಂದಾಗ ಅದೇ ಕಂಪೆನಿ, ಆಕೆ ಕುಳಿತು ಮಾಡುವ ಪೂರ್ಣಾವಧಿ ಕೆಲಸವನ್ನು ಮಾಡಬಲ್ಲರು ಎಂದು ಹೇಳಿ ಕೈ ಚೆಲ್ಲಿತು. ಸರಕಾರದ ಹಣ ಬರುವವರೆಗೆ ಅಸಮರ್ಥೆ, ತಾನು ಹಣ ಕೊಡಬೇಕಾದಾಗ ಸಮರ್ಥೆ!

2008ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಈ ಪ್ರಕರಣದಲ್ಲಿ ಆಕೆಯ ಪರವಾದ ಮೇಲ್ಮನವಿ ನ್ಯಾಯಾಲಯದ ತೀರ್ಪನ್ನು ಎತ್ತಿ ಹಿಡಿಯಿತು. ತೀರ್ಮಾನಿಸುವವನೂ ಪಾವತಿಸುವವನೂ ಒಬ್ಬನೇ ಆಗಿರುವುದು ಹಿತಾಸಕ್ತಿಗಳ ಸಂಘರ್ಷವೆಂದು ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಕಂಪೆನಿಯು ತನಗೆ ಅನುಕೂಲವಾದ ವೈದ್ಯಕೀಯ ವರದಿಗೆ ಒತ್ತು ಕೊಟ್ಟು, ಪ್ರತಿಕೂಲವಾದ ವರದಿಗಳನ್ನು ಬದಿಗೆ ಸರಿಸಿದ್ದನ್ನೂ, ತಾನೇ ನೇಮಿಸಿದ ತಜ್ಞರಿಗೆ ಎಲ್ಲ ದಾಖಲೆಗಳನ್ನು ಒದಗಿಸದಿದ್ದುದನ್ನೂ ಅದು ಗಮನಕ್ಕೆ ತೆಗೆದುಕೊಂಡಿತು. ಆದರೆ ಈ ಸಂಘರ್ಷವನ್ನು ಇತರ ಅಂಶಗಳ ಜೊತೆ ತೂಗಿ ನೋಡಬೇಕೆಂದು ಹೇಳಿತೇ ಹೊರತು, ಆ ವ್ಯವಸ್ಥೆಯನ್ನೇ ರದ್ದುಪಡಿಸಲಿಲ್ಲ. ರೋಗವನ್ನು ಗುರುತಿಸಿದ ನ್ಯಾಯಾಲಯ ಅದರ ಬೇರಿಗೆ ಕೈ ಹಾಕಲಿಲ್ಲ.

ವಿಪರ್ಯಾಸವೆಂದರೆ, ಈ ವ್ಯವಸ್ಥೆಗೆ ಆಧಾರವಾಗಿರುವ ಕಾನೂನು ಹುಟ್ಟಿದ್ದೇ ನೌಕರರ ರಕ್ಷಣೆಗಾಗಿ. 1963ರಲ್ಲಿ ಸ್ಟುಡ್‌ಬೇಕರ್ ಕಾರು ಕಂಪೆನಿ ಸೌತ್ ಬೆಂಡ್ ನಗರದ ಕಾರ್ಖಾನೆಯನ್ನು ಮುಚ್ಚಿದಾಗ ಸಾವಿರಾರು ಕಾರ್ಮಿಕರ ಪಿಂಚಣಿ ಮಣ್ಣುಪಾಲಾಯಿತು. ಅಂತಹ ಅನ್ಯಾಯ ಮರುಕಳಿಸಬಾರದೆಂಬ ಕೂಗಿನ ಫಲವಾಗಿ 1974ರಲ್ಲಿ 'ಎರಿಸಾ' ಎಂಬ ಕೇಂದ್ರ ಕಾಯ್ದೆ ಜಾರಿಗೆ ಬಂತು. ಆದರೆ ವಿಮಾ ಕಂಪೆನಿಯ ದುರುದ್ದೇಶದ ವಿರುದ್ಧ ರಾಜ್ಯಗಳ ಕಾನೂನಿನಡಿ ನೌಕರರು ದಂಡನಾ ಪರಿಹಾರ ಕೇಳುವುದಕ್ಕೆ ಈ ಕಾಯ್ದೆಯೇ ಅಡ್ಡಿ ಎಂದು 1987ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ತೀರ್ಮಾನದ ವಿವೇಚನಾಧಿಕಾರ ಕಂಪೆನಿಗಿದೆ ಎಂದು ವಿಮಾಪತ್ರದಲ್ಲೇ ಬರೆದಿದ್ದರೆ ನ್ಯಾಯಾಲಯಗಳು ಆ ತೀರ್ಮಾನಕ್ಕೆ ಮನ್ನಣೆ ಕೊಡಬೇಕೆಂಬುದು 1989ರ ತೀರ್ಪಿನ ಫಲಿತಾಂಶವಾಯಿತು. ಆ ಬಳಿಕ ಅಂತಹ ಒಂದು ವಾಕ್ಯವನ್ನು ಸೇರಿಸಲು ಕಂಪೆನಿಗಳು ಮರೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದರ ಲಾಭವನ್ನು ವಿಮಾ ಕಂಪೆನಿಗಳು ಅರಿಯದೆ ಪಡೆದವು ಎಂದು ಯಾರೂ ಭಾವಿಸಬೇಕಾಗಿಲ್ಲ. 1995ರಲ್ಲಿ ಪ್ರಾವಿಡೆಂಟ್ ಕಂಪೆನಿಯ ಒಳಗೆ ಹಂಚಲಾದ ಒಂದು ಟಿಪ್ಪಣಿಯಲ್ಲಿ ಲೆಕ್ಕವೇ ಇತ್ತು: 12 ಪ್ರಕರಣಗಳಲ್ಲಿ ಕಂಪೆನಿ ಒಟ್ಟು 78 ಲಕ್ಷ ಡಾಲರ್ ತೆತ್ತಿದೆ, ಅವು ಎರಿಸಾ ವ್ಯಾಪ್ತಿಗೆ ಬಂದಿದ್ದರೆ ಹೊಣೆ ಹೆಚ್ಚೆಂದರೆ 5 ಲಕ್ಷ ಡಾಲರ್ ಆಗುತ್ತಿತ್ತು! ಇದೇ ಕಂಪೆನಿ ಮುಂದೆ ಯೂನಮ್ ಜೊತೆ ವಿಲೀನಗೊಂಡಿತು. ಪರಿಹಾರ ನಿರಾಕರಣೆಯ ದೂರುಗಳು ಹೆಚ್ಚಿ, 2004ರಲ್ಲಿ ಹಲವು ರಾಜ್ಯಗಳ ವಿಮಾ ನಿಯಂತ್ರಕರೊಂದಿಗೆ ಯೂನಮ್‌ಪ್ರಾವಿಡೆಂಟ್ ಒಪ್ಪಂದ ಮಾಡಿಕೊಳ್ಳಬೇಕಾಯಿತು. 1.5 ಕೋಟಿ ಡಾಲರ್ ದಂಡ ಕಟ್ಟಿ, ಎರಡು ಲಕ್ಷಕ್ಕೂ ಹೆಚ್ಚು ಹಳೆಯ ಪ್ರಕರಣಗಳ ಮರುಪರಿಶೀಲನೆಗೆ ಅವಕಾಶ ಕೊಡಲು ಅದು ಒಪ್ಪಿಕೊಂಡಿತು.

ಸುಳ್ಳು ಕಾಯಿಲೆ ಹೇಳಿ ಹಣ ಪಡೆಯುವವರಿಲ್ಲವೇ, ಎಲ್ಲರಿಗೂ ಕೊಡುತ್ತಾ ಹೋದರೆ ಕಂತಿನ ಮೊತ್ತ ಏರುವುದಿಲ್ಲವೇ ಎಂದು ಕಂಪೆನಿಗಳು ಕೇಳುತ್ತವೆ. ಪ್ರಶ್ನೆ ನಿರಾಧಾರವಲ್ಲ. ವಂಚನೆಯನ್ನು ತಡೆಯಲೇಬೇಕು. ಆದರೆ ವಂಚಕನನ್ನು ಪತ್ತೆ ಹಚ್ಚುವ ಕೆಲಸ, ಪತ್ತೆ ಹಚ್ಚಿದಷ್ಟೂ ಲಾಭ ಪಡೆಯುವವನದ್ದೇ ಆಗಬೇಕೆಂಬುದಕ್ಕೆ ಯಾವ ತರ್ಕವಿದೆ? ಬೆನ್ನು ನೋವಿನಿಂದ ನರಳುವವನನ್ನು ಕಣ್ಣಾರೆ ನೋಡದೆ, ಕಡತ ಮಾತ್ರ ಓದಿದ ವೈದ್ಯರ ಅಭಿಪ್ರಾಯದ ಮೇಲೆ ಅವನ ಅನ್ನವನ್ನು ಕಸಿಯುವುದು ವಂಚನೆಯ ತಡೆಯಲ್ಲ.

ಬದಲಾವಣೆಯ ಕೆಲವು ಲಕ್ಷಣಗಳೂ ಇವೆ. ಕ್ಯಾಲಿಫೋರ್ನಿಯಾ, ಇಲಿನಾಯ್ ಮೊದಲಾದ ರಾಜ್ಯಗಳು ಕಂಪೆನಿಗೆ ವಿವೇಚನಾಧಿಕಾರ ನೀಡುವ ಷರತ್ತನ್ನು ನಿಷೇಧಿಸಿವೆ. ಅರ್ಜಿಗಳನ್ನು ತಿರಸ್ಕರಿಸುವ ಸಾಧ್ಯತೆಯನ್ನು ನೋಡಿ ಸಿಬ್ಬಂದಿಯನ್ನು ನೇಮಿಸುವುದನ್ನೂ ಬಡ್ತಿ ಕೊಡುವುದನ್ನೂ ನಿರ್ಬಂಧಿಸುವ ಕೇಂದ್ರ ಕಾರ್ಮಿಕ ಇಲಾಖೆಯ ನಿಯಮ 2018ರ ಏಪ್ರಿಲ್‌ನಿಂದ ಅನ್ವಯವಾಗುತ್ತಿದೆ. ಆದರೂ ಹೊರೆ ಇರುವುದು ರೋಗಿಯ ಹೆಗಲ ಮೇಲೆಯೇ. ನಿರಾಕರಣೆಯ ಪತ್ರ ಕೈ ಸೇರಿದ ಬಳಿಕ ಕಂಪೆನಿಗೇ ಮೇಲ್ಮನವಿ ಸಲ್ಲಿಸಲು ಅವನಿಗಿರುವುದು 180 ದಿನ. ಮುಂದೆ ಮೊಕದ್ದಮೆ ಹೂಡಿದರೂ ನ್ಯಾಯಾಲಯ ಸಾಮಾನ್ಯವಾಗಿ ನೋಡುವುದು ಆ ಕಡತದಲ್ಲಿರುವ ದಾಖಲೆಗಳನ್ನು ಮಾತ್ರ. ಅಲ್ಲಿನ ಖಾಸಗಿ ಸಂಸ್ಥೆಗಳಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗರಿಗೂ ಇದೇ ಕಾಯ್ದೆ ಅನ್ವಯಿಸುವುದರಿಂದ, ವೈದ್ಯರ ಪ್ರತಿಯೊಂದು ವರದಿಯನ್ನೂ ಆ ಗಡುವಿನೊಳಗೆ ಕಡತಕ್ಕೆ ಸೇರಿಸುವುದು ಅವರ ಪಾಲಿಗೆ ಅತ್ಯಗತ್ಯ.

ಎಚ್ಚರಿಕೆಯು ನ್ಯಾಯಕ್ಕೆ ಪರ್ಯಾಯವಲ್ಲ. ಕಂಪೆನಿಯ ಲಾಭ ನಷ್ಟಗಳೊಂದಿಗೆ ಸಂಬಂಧವಿಲ್ಲದ ವೈದ್ಯರ ಮಂಡಳಿಯೊಂದು ಅಸಾಮರ್ಥ್ಯವನ್ನು ತೀರ್ಮಾನಿಸಬೇಕು. ದುರುದ್ದೇಶದಿಂದ ನಿರಾಕರಿಸಿದ ಕಂಪೆನಿ ಬಾಕಿ ಹಣವನ್ನಷ್ಟೇ ಅಲ್ಲ, ತಾನು ಕೊಟ್ಟ ಸಂಕಟದ ಬೆಲೆಯನ್ನೂ ತೆರುವಂತಾಗಬೇಕು. ಇಂದಿನ ಸ್ಥಿತಿಯಲ್ಲಿ, ನಿರಾಕರಿಸಿ ಸೋತ ಕಂಪೆನಿ ಕಳೆದುಕೊಳ್ಳುವುದು ಮೊದಲೇ ಕೊಡಬೇಕಾಗಿದ್ದ ಮೊತ್ತವನ್ನು ಮತ್ತು ಒಂದಿಷ್ಟು ಖರ್ಚನ್ನು. ಕಾಯಲಾರದೆ ಕೈ ಬಿಟ್ಟವರ ಹಣವಂತೂ ಕಂಪೆನಿಯಲ್ಲೇ ಉಳಿಯುತ್ತದೆ. ಅನ್ಯಾಯವು ಲಾಭದಾಯಕವಾಗಿರುವವರೆಗೆ ಅದನ್ನು ನಿಲ್ಲಿಸುವಂತೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆ ಲಾಭವನ್ನೇ ಇಲ್ಲವಾಗಿಸಬೇಕು.